ಇಡೀ ಮನುಷ್ಯ ಒಂದೇ ಫೋಟೋದಲ್ಲಿ

ಕಳೆದ ತಿಂಗಳು ರಬಕವಿಯಿಂದ ಒಂದು ಕಾರ್ಡು ಬಂತು. ಬರೆದವಳು ಫೋಟೋ ಮಾಸ್ತರರ ಮಗಳು. ಅಪ್ಪ ತೀರಿಕೊಂಡರು, ಹಿಂದಿನ ದಿನದವರೆಗೂ ಚಹಕ್ಕೆ ಸಕ್ಕರೆ ಕಡಿಮೆ ಎಂದು ಸೊಸೆಯ ಜೊತೆ ಜಗಳ ಮಾಡುತ್ತಿದ್ದರು, ನಿಮಗೆ ತಿಳಿಸಬೇಕು ಅನ್ನಿಸಿತು. ಅಷ್ಟೇ ಇತ್ತು. ನಾನು ಮೊದಲು ನಕ್ಕೆ. ಅಳು ಆಮೇಲೆ ಬಂತು, ಅದೂ ಸ್ವಲ್ಪವೇ. ಆ ಮನುಷ್ಯನನ್ನು ನೆನೆದು ಬಹಳ ಹೊತ್ತು ಅಳುವುದು ನನ್ನಿಂದ ಆಗುವ ಕೆಲಸವಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇದು ಯಾರದೆಂದು ಅವರೇ ಕೇಳುತ್ತಿದ್ದರೇನೋ, ಅಷ್ಟು ವರ್ಷ ಬರೀ ಮಾಸ್ತರರಾಗಿದ್ದರು. ಜಮಖಂಡಿಯಲ್ಲಿ ನಾಲ್ಕಾರು ವ್ಯಾಪಾರಸ್ಥರು ಸೇರಿ ನಡೆಸುತ್ತಿದ್ದ ಒಂದು ಸಣ್ಣ ಹೆರಿಗೆ ಆಸ್ಪತ್ರೆ. ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದ ಹೊಸತು. ನಾನು ಮುಧೋಳದವಳು, ಸೊಲ್ಲಾಪುರದಲ್ಲಿ ನರ್ಸಿಂಗ್ ಕಲಿತು ಅಲ್ಲಿ ಕೆಲಸಕ್ಕೆ ಸೇರಿದ್ದೆ, ನರ್ಸಿಗೆ ಎಲ್ಲರೂ ಬಾಯಾರು ಎನ್ನುತ್ತಿದ್ದರು. ಅವರು ಎಕ್ಸ್‌ರೇ ತೆಗೆಯುವವರು. ಊರವರ ಬಾಯಿಗೆ ಎಕ್ಸ್‌ರೇ ಅನ್ನುವ ಮಾತು ಹೊಂದಲಿಲ್ಲ, ಫೋಟೋ ಎಂದರು. ಫೋಟೋ ತೆಗೆಯುವವರು ಮಾಸ್ತರರಾದರು. ಅವರು ಯಾವ ಸಾಲೆಯಲ್ಲಿಯೂ ಕಲಿಸಿದವರಲ್ಲ, ಸಾಲೆಯಲ್ಲಿ ಬಹಳ ದಿನ ಕಲಿತವರೂ ಅಲ್ಲ.

ಹುಟ್ಟಿದ್ದು ನೇಕಾರರ ಮನೆಯಲ್ಲಿ. ಹತ್ತು ವರ್ಷಕ್ಕೇ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವರು. ಮಹಾಯುದ್ಧ ಬಂದಾಗ ಮನೆಯಲ್ಲಿ ಹೇಳದೆ ಮಿಲಿಟರಿಗೆ ಸೇರಿದರು. ಬಂದೂಕು ಕೊಡುತ್ತಾರೆಂದು ಹೋದವರನ್ನು ದಂಡಿನ ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಹಾಕಿದರು. ಯುದ್ಧ ಮುಗಿದ ಮೇಲೆ ತಿರುಗಿ ಬಂದು ಮತ್ತೆ ಮಗ್ಗಕ್ಕೆ ಕುಳಿತರು. ಅದೇ ಹೊತ್ತಿಗೆ ಬನಹಟ್ಟಿಯ ನೂಲಿನ ಸಾವಕಾರರೊಬ್ಬರು ಮಿಲಿಟರಿಯವರು ಹರಾಜಿಗಿಟ್ಟ ಒಂದು ಎಕ್ಸ್‌ರೇ ಯಂತ್ರ ಕೊಂಡು ನಮ್ಮ ಆಸ್ಪತ್ರೆಗೆ ದಾನ ಮಾಡಿದ್ದರು. ಯಂತ್ರ ಬಂದಿತ್ತು, ನಡೆಸುವವರು ಇರಲಿಲ್ಲ. ಆರು ತಿಂಗಳು ಅದರ ಮೇಲೆ ಅರಿವೆ ಒಣಹಾಕುತ್ತಿದ್ದರಂತೆ. ಸಾವಕಾರರು ಹುಡುಕಿಕೊಂಡು ಹೋಗಿ ಮಗ್ಗದಿಂದಲೇ ಇವರನ್ನು ಎಬ್ಬಿಸಿ ಕರೆತಂದರು.

ಆ ಯಂತ್ರಕ್ಕೆ ಮಾಸ್ತರರು ಎಮ್ಮೆ ಎನ್ನುತ್ತಿದ್ದರು. ಕರ್ರಗೆ ದಪ್ಪಗಿತ್ತು, ಮನಸ್ಸು ಬಂದಾಗ ಮಾತ್ರ ಕೊಡುತ್ತಿತ್ತು. ಚಾಲೂ ಮಾಡುವ ಮೊದಲು ಅದರ ಬೆನ್ನು ಎರಡು ಸಲ ತಟ್ಟಬೇಕು. ನಾನು ಒಮ್ಮೆ ತಟ್ಟದೆ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. "ಕೇಳದ ಹಿಂಡಾಕ ಹೋದ್ರ ಒದೀತೈತ್ರಿ ಬಾಯಾರ" ಎಂದು ಬಂದು ತಟ್ಟಿದರು. ಗುರ್ ಎಂದು ಚಾಲೂ ಆಯಿತು. ತಟ್ಟುವಾಗ ಸಡಿಲ ತಂತಿಯೊಂದು ಕೂಡುತ್ತಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಅವರಿಗೆ ಮೊದಲೇ ಗೊತ್ತಿತ್ತು. ಆದರೂ ರಿಪೇರಿ ಮಾಡಲಿಲ್ಲ, ಮಾಡಿದರೆ ಯಾರು ಬೇಕಾದರೂ ಹಿಂಡುತ್ತಾರಲ್ಲ!

ನಮ್ಮಲ್ಲಿಗೆ ಬರುತ್ತಿದ್ದ ಕೂಸುಗಳಲ್ಲಿ ಏಳು ತಿಂಗಳಿಗೆ, ಎಂಟು ತಿಂಗಳಿಗೆ ಹುಟ್ಟಿದವು ಬಹಳ. ಅಂಥವನ್ನು ಇಡಲು ನಮ್ಮಲ್ಲಿದ್ದದ್ದು ನೂಲು ಬರುತ್ತಿದ್ದ ಕಟ್ಟಿಗೆಯ ಪೆಟ್ಟಿಗೆ, ಅದರೊಳಗೆ ಅರಳೆ, ಎರಡೂ ಬದಿಗೆ ಬಿಸಿನೀರಿನ ಬಾಟಲಿ. ಮೀರಜದಿಂದ ತರಿಸಿದ ಆಕ್ಸಿಜನ್ ಸಿಲಿಂಡರು ಒಂದೇ ಒಂದು. ಅಂಥ ಕೂಸಿಗೆ ಉಸಿರಿನ ತೊಂದರೆ ಬಂದರೆ ಎದೆಯೊಳಗೆ ಏನಾಗಿದೆ ಎಂದು ನೋಡಲು ಮಾಸ್ತರರ ಫೋಟೋವೇ ಗತಿ. ಫಿಲ್ಮು ತುಟ್ಟಿ, ಸಿಗುವುದೂ ಕಷ್ಟ. ಮಾಸ್ತರರು ದೊಡ್ಡ ಫಿಲ್ಮನ್ನು ಕತ್ತಲೆಕೋಣೆಯಲ್ಲಿ ನಾಲ್ಕು ತುಂಡು ಮಾಡಿ ಇಡುತ್ತಿದ್ದರು. ಒಂದು ತುಂಡಿನಲ್ಲಿ ಕೂಸಿನ ಗದ್ದದಿಂದ ತೊಡೆಯವರೆಗೆ ಬರುತ್ತಿತ್ತು, ಎದೆ ಹೊಟ್ಟೆ ಎರಡೂ. ಅದನ್ನು ಬೆಳಕಿಗೆ ಹಿಡಿದು ಅವರು ಎಷ್ಟು ಸಲ ಹೇಳಿದ್ದಾರೋ: "ನೋಡ್ರಿ, ಇಡೀ ಮನಶ್ಯಾ ಒಂದ ಫೋಟೋದಾಗ ಬರೋದು ಈ ವಯಸ್ಸಿನ್ಯಾಗ ಅಷ್ಟ. ಮುಂದ ಯಾರಿಗೂ ಸಿಗೋದಿಲ್ಲ."

ಫಿಲ್ಮು ತೊಳೆಯುವಾಗ ಕತ್ತಲೆಕೋಣೆಯಿಂದ ಖಟಕ್ ಖಟಕ್ ಎಂದು ಸದ್ದು ಬರುತ್ತಿತ್ತು. ಗಡಿಯಾರ ನೋಡಲು ಅಲ್ಲಿ ಬೆಳಕಿಲ್ಲ. ಮಾಸ್ತರರು ಗೋಡೆಗೆ ಆನಿಸಿದ ಹಲಗೆಯನ್ನು ಮಗ್ಗದ ಕಾಲುಮಣೆಯಂತೆ ತುಳಿಯುತ್ತಾ ಲೆಕ್ಕ ಇಡುತ್ತಿದ್ದರು. ಇಷ್ಟು ತುಳಿತಕ್ಕೆ ಚಿತ್ರ ಮೂಡಬೇಕು, ಇಷ್ಟಕ್ಕೆ ನಿಲ್ಲಬೇಕು. ಹೊರಗೆ ಕುಳಿತ ಮಂದಿ, ಈ ದವಾಖಾನೆಯಲ್ಲಿ ಸೀರೆಯನ್ನೂ ನೇಯುತ್ತಾರೆಂದು ತಿಳಿದಿದ್ದರು. ಬೀಳಗಿಯ ಹೆಂಗಸೊಬ್ಬಳು ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ಒಂದು ಸೀರೆ ಸಿಗುವುದೇ ಎಂದು ನನ್ನನ್ನು ಕೇಳಿಯೂ ಕೇಳಿದಳು.

ಅವರು ಫಿಲ್ಮು ನೋಡುವ ಪದ್ಧತಿಯೇ ಬೇರೆ. ಕಿಟಕಿಗೆ ಹಿಡಿದು ಮೊದಲು ತಲೆಕೆಳಗು ಮಾಡುತ್ತಿದ್ದರು. ಬನಹಟ್ಟಿಯಲ್ಲಿ ಮಾರಾಟಕ್ಕೆ ಹೋಗುವ ಸೀರೆಯನ್ನು ಹಾಗೆ ನೋಡುತ್ತಾರಂತೆ. "ನೆಟ್ಟಗ ಹಿಡದ್ರ ಕಣ್ಣು ಬಣ್ಣಕ್ಕ ಮಳ್ಳ ಆಗತೈತಿ. ತಲಿಕೆಳಗ ಹಿಡದ್ರ ನೂಲು ಕಾಣತೈತಿ" ಎನ್ನುತ್ತಿದ್ದರು. ಆಮೇಲೆ ನೆಟ್ಟಗೆ ತಿರುಗಿಸಿ ಅಂಚಿನಿಂದ ಶುರು. ಮೊದಲು ಸುತ್ತಲಿನ ಅಂಚು, ಆಮೇಲೆ ನಡುವೆ. ಮತ್ತೆ ಎಲ್ಲವನ್ನೂ ಗಟ್ಟಿಯಾಗಿ ಹೇಳಬೇಕು. "ಹೆಗಲೆಲಬು ಎರಡೂ ಛಲೋ ಅದಾವ. ಪಕ್ಕೆಲಬು ಹನ್ನೆರಡು ಜೋಡಿ, ಪೂರಾ ಅದಾವ. ಗಂಟಲ ನಳಿಗಿ ನಡುವ ಐತಿ. ಗುಂಡಿಗಿ ಎಡಕ್ಕ, ಎಲ್ಲಿರಬೇಕೋ ಅಲ್ಲೇ ಐತಿ." ಕೆಟ್ಟದ್ದು ಕಣ್ಣಿಗೆ ಹೊಡೆಯುವಂತೆ ಕಂಡರೂ ಅದರ ಸರದಿ ಬರುವವರೆಗೆ ಅದರ ಮಾತು ಎತ್ತುತ್ತಿರಲಿಲ್ಲ. ನನಗೆ ತಲೆ ಕೆಟ್ಟು ಹೋಗುತ್ತಿತ್ತು. ಏನಾಗಿದೆ ಹೇಳಿರಿ ಮೊದಲು ಎಂದು ಗದರಿದರೆ, "ಐಬು ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದಲ ಸೀರಿ ನೋಡ್ರಿ, ಐಬು ಆಮ್ಯಾಲ" ಎನ್ನುತ್ತಿದ್ದರು.

ಬಾಗಿಲಾಚೆ ನಿಂತ ತಾಯಂದಿರಿಗೆ ಇದೆಲ್ಲ ಕೇಳಿಸುತ್ತಿತ್ತು. ಮೂರು ಪೌಂಡಿನ ಕೂಸು ಹೆತ್ತು, ಇದು ಉಳಿಯುವುದಿಲ್ಲ ಎಂದು ಹತ್ತು ಮಂದಿಯಿಂದ ಕೇಳಿಸಿಕೊಂಡು ಬಂದವರು. ಅವರಿಗೆ ಮೊದಲ ಸಲ ತಮ್ಮ ಕೂಸಿನಲ್ಲಿ ಇಷ್ಟೊಂದು ಸರಿಯಾಗಿದೆ ಎಂಬ ಪಟ್ಟಿ ಕೇಳುತ್ತಿತ್ತು. ಪಕ್ಕೆಲುಬಿನ ಲೆಕ್ಕ ಪೂರಾ ಆದಾಗ ಒಬ್ಬಾಕೆ ಕೈ ಮುಗಿದದ್ದನ್ನು ನಾನು ನೋಡಿದ್ದೇನೆ. ಮಾಸ್ತರರಿಗೆ ಇದು ಗೊತ್ತಿತ್ತೋ ಇಲ್ಲವೋ. ಬಾಗಿಲನ್ನಂತೂ ಅವರು ಎಂದೂ ಮುಚ್ಚುತ್ತಿರಲಿಲ್ಲ.

ನಾನು ಸೇರಿದ ಮೊದಲ ವಾರ ಎರಡು ದಿನದ ಕೂಸೊಂದರ ಫಿಲ್ಮು ನೋಡಿ ಓಡಿ ಹೋಗಿದ್ದೆ. ಹೊಟ್ಟೆಯ ನಡುವೆ ಬೆಳ್ಳಗೆ ದುಂಡಗೆ ಏನೋ ಇತ್ತು. "ಮಾಸ್ತರ, ಕೂಸು ದುಡ್ಡು ನುಂಗೇತ್ರಿ!" ಎಂದು ಕೂಗಿದೆ. ಅವರು ಚಹದ ಬಟ್ಟಲು ಕೆಳಗಿಡದೆ, "ಎರಡ ದಿನದಾಗ ಪ್ಯಾಟಿಗಿ ಹೋಗಿ ಬಂತೇನ್ರಿ ಅದು?" ಎಂದರು. ಕೂಸಿನ ಉಡಿದಾರಕ್ಕೆ ಕಟ್ಟಿದ ತಾಮ್ರದ ತಾಯತ ಅದು, ಬೆನ್ನ ಕೆಳಗೆ ಸರಿದು ಕುಳಿತಿತ್ತು. ಆಮೇಲೆ ಒಂದು ವರ್ಷ ಯಾವ ಕೂಸು ಬಂದರೂ "ಬಾಯಾರ, ಇದು ಏನ್ ನುಂಗೇತಿ ನೋಡ್ರಿ" ಎಂದು ನನ್ನನ್ನು ಕಾಡಿಸಿದರು. ಆದರೆ ತಾಯತ ಬಿಚ್ಚಿಸಿ ಎಂದು ಯಾವ ತಾಯಿಗೂ ಹೇಳಿದವರಲ್ಲ. ದಾರ ಜಗ್ಗಿ ಕಾಲಿನ ಕಡೆ ಸರಿಸಿ, "ದೇವರು ಒಂದ ಗಳಿಗಿ ಅತ್ತಾಗ ಕೂಡ್ಲಿ" ಎನ್ನುತ್ತಿದ್ದರು.

ಹೊಟ್ಟೆಯನ್ನು ಓದುವುದರಲ್ಲಿ ಅವರಿಗೆ ಭಾರಿ ಖುಷಿ. ಹುಟ್ಟಿದ ಕೂಸು ಅತ್ತಾಗ ಗಾಳಿ ನುಂಗುತ್ತದೆ. ಆ ಗಾಳಿ ಜಠರಕ್ಕೆ ಹೋಗಿ, ಕರುಳಿನಲ್ಲಿ ಸಾಗಿ, ಒಂದು ದಿನದೊಳಗೆ ಕೊನೆ ಮುಟ್ಟಬೇಕು. ಫಿಲ್ಮಿನಲ್ಲಿ ಅದು ಕರ್ರಗೆ ಕಾಣುತ್ತದೆ. ಮಾಸ್ತರರಿಗೆ ಇದೊಂದು ಬಸ್ಸು. ಬೀಳಗಿ ಅಂದರೆ ಬಾಯಿ, ಜಮಖಂಡಿ ಜಠರ, ಬನಹಟ್ಟಿ ಸಣ್ಣ ಕರುಳು, ರಬಕವಿ ಕೊನೆಯ ಸ್ಟ್ಯಾಂಡು. "ಬನಹಟ್ಟಿ ದಾಟೈತ್ರಿ, ಸಂಜಿಮುಂದ ರಬಕವಿ ಮುಟ್ಟತೈತಿ" ಎಂದರೆ ಸಂಜೆ ಕೂಸು ಹೊಲಸು ಮಾಡುತ್ತದೆಂದು ನಾನು ಅರಿವೆ ಸಿದ್ಧ ಮಾಡಿಟ್ಟುಕೊಳ್ಳಬೇಕು. ಬಹಳ ಸಲ ಹಾಗೇ ಆಗುತ್ತಿತ್ತು. ಒಂದೇ ಒಂದು ಸಲ ಗಾಳಿ ಎರಡು ದೊಡ್ಡ ಗುಳ್ಳೆಯಾಗಿ ಜಮಖಂಡಿಯ ಹತ್ತಿರವೇ ನಿಂತುಬಿಟ್ಟಿತ್ತು, ಮುಂದೆ ಪೂರಾ ಬೆಳ್ಳಗೆ. ಕರುಳಿನ ದಾರಿಯೇ ಕೂಡಿರಲಿಲ್ಲ. ಆ ಕೂಸನ್ನು ಮೀರಜಕ್ಕೆ ಕಳಿಸಿದೆವು, ಉಳಿಯಲಿಲ್ಲ. ಮಾಸ್ತರರು ಒಂದು ತಿಂಗಳು ಬಸ್ಸಿನ ಮಾತು ಆಡಲಿಲ್ಲ.

ಎಕ್ಸ್‌ರೇ ಕಿರಣ ತಡೆಯಲು ತೊಡುವ ಸೀಸದ ಏಪ್ರನ್ ಒಂದೇ ಇತ್ತು. ಅದನ್ನು ನನಗೆ ತೊಡಿಸಿ ತಾವು ಹಾಗೆಯೇ ನಿಲ್ಲುತ್ತಿದ್ದರು. ಹದಿನೈದು ಸೇರಿನ ಭಾರ ಅದು. ನೀವು ಹಾಕಿಕೊಳ್ಳಿರಿ, ನನಗೇನು ಲಗ್ನವೋ ಮಕ್ಕಳೋ ಎಂದು ನಾನೊಮ್ಮೆ ಸಿಟ್ಟಿನಿಂದ ಅಂದೆ. ನಾನು ಲಗ್ನವಾಗುವುದಿಲ್ಲ ಎಂದು ಮನೆಯಲ್ಲಿ ಜಗಳಾಡಿ ಬಂದವಳು, ಆ ಮಾತು ಎಲ್ಲರಿಗೂ ಗೊತ್ತಿತ್ತು. ಅವರು ಪೆಟ್ಟಿಗೆಗಳ ಕಡೆ ಕೈ ಮಾಡಿ, "ನಿಮಗ ಕೂಸುಗೋಳ ಬರಗಾಲ ಏನೈತ್ರಿ?" ಎಂದರು. ಅಂದು ಅಲ್ಲಿ ಆರು ಪೆಟ್ಟಿಗೆ ಇದ್ದವು, ಆರರಲ್ಲಿಯೂ ಕೂಸುಗಳು ಅಳುತ್ತಿದ್ದವು. ನನಗೆ ಸಿಟ್ಟು ಮುಂದುವರಿಸಲು ಆಗಲಿಲ್ಲ.

ಅವರ ಬಗ್ಗೆ ಇಂಥವು ಎಷ್ಟು ಬೇಕಾದರೂ ಹೇಳಬಹುದು. ಆದರೆ ಕಾರ್ಡು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅನಗವಾಡಿಯ ಕೂಸು. ಆ ಮಾತನ್ನು ನಾನು ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ.

ಆಗ ನಮ್ಮಲ್ಲಿಗೆ ಹೊಸ ಡಾಕ್ಟರು ಬಂದಿದ್ದರು. ಧಾರವಾಡದ ಕಡೆಯ ತರುಣ, ಮುಂಬಯಿಯಲ್ಲಿ ಓದಿದವರು. ಒಳ್ಳೆಯವರು. ತಾವು ಒಳ್ಳೆಯವರೆಂದು ಅವರಿಗೂ ಗೊತ್ತಿತ್ತು. ಮಾಸ್ತರರು ಫೋಟೋ ತೆಗೆಯಬೇಕು, ಓದುವುದು ಡಾಕ್ಟರ ಕೆಲಸ ಎಂದು ಬಂದ ದಿನವೇ ಹೇಳಿದ್ದರು. ಮಾಸ್ತರರು "ಹೂಂ ಸಾಹೇಬ್ರ" ಎಂದು, ಅವರಿಗೆ ಫಿಲ್ಮು ಕೊಡುವ ಮೊದಲು ಕಿಟಕಿಯ ಹತ್ತಿರ ಒಂದು ಗಳಿಗೆ ನಿಂತು ಓದಿಯೇ ಕೊಡುತ್ತಿದ್ದರು.

ಒಂದು ಮುಂಜಾನೆ ಬೀಳಗಿ ಬಸ್ಸಿನಿಂದ ಒಬ್ಬ ಕುರುಬರ ಮುದುಕಿ ಇಳಿದು ಬಂದಳು. ಹಿಂದೆ ಬಾಣಂತಿ ಸೊಸೆ, ನಡೆಯಲು ಆಗದೆ ಗಂಡನ ಹೆಗಲಿಗೆ ಬಿದ್ದಿದ್ದಳು. ಮುದುಕಿಯ ಕೈಯಲ್ಲಿ ಒಂದು ಉಣ್ಣೆಯ ಮುದ್ದೆ. ಬಿಡಿಸಿ ನೋಡಿದರೆ ನಡುವೆ ಏಳು ತಿಂಗಳಿಗೆ ಹುಟ್ಟಿದ ಗಂಡುಕೂಸು, ಮೂರು ಪೌಂಡೂ ಇರಲಿಲ್ಲ. ಆ ಉಣ್ಣೆ ಸಾದಾ ಉಣ್ಣೆಯಲ್ಲ. ಬೀರಪ್ಪನಿಗೆ ಬಿಟ್ಟ ಕುರಿಯ ಮೊದಲ ಉಣ್ಣೆ, ಕೂಸು ಅದರಿಂದ ಬೇರೆ ಆಗಬಾರದು ಎಂದು ಮುದುಕಿಯ ಹಟ. ಖರೆ ಹೇಳಬೇಕೆಂದರೆ ಅನಗವಾಡಿಯಿಂದ ಅಲ್ಲಿಯವರೆಗೆ ಅದನ್ನು ಬೆಚ್ಚಗಿಟ್ಟು ಉಳಿಸಿದ್ದು ಆ ಉಣ್ಣೆಯೇ.

ಕೂಸು ನೀಲಿಗಟ್ಟಿತ್ತು. ಪ್ರತಿ ಉಸಿರಿಗೂ ಎದೆಯ ನಡುವೆ ಗುಳಿ ಬೀಳುತ್ತಿತ್ತು. ಡಾಕ್ಟರು ಆಕ್ಸಿಜನ್ ಹಚ್ಚಿ, ತಕ್ಷಣ ಫೋಟೋ ಎಂದರು. ನಾನು ಕೂಸನ್ನು ಉಣ್ಣೆ ಸಮೇತ ಫಿಲ್ಮಿನ ಪೆಟ್ಟಿಗೆಯ ಮೇಲೆ ಇಟ್ಟೆ. ಉಣ್ಣೆ ತೆಗೆಯಬೇಕಿತ್ತು, ಮುದುಕಿ ಒಂದು ತುದಿ ಬಿಡಲಿಲ್ಲ. "ಬ್ಯಾಡ ಯವ್ವಾ, ಅದರಾಗ ಇರ್ಲಿ, ದೇವರದ್ದೈತಿ" ಎಂದು ಜಗ್ಗಿ ಹಿಡಿದಳು. ಮಾಸ್ತರರು ಆಗ ಎಮ್ಮೆಯ ಬೆನ್ನು ತಟ್ಟುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಕೂಸನ್ನು ಎತ್ತಿ ಉಣ್ಣೆ ತೆಗೆಯುವುದು ಬಿಟ್ಟು, ಅದರ ಕೆಳಗಿನಿಂದಲೇ ಉಣ್ಣೆಯನ್ನು ಒಂದೇ ಸಲ ಎಳೆದು ಮುದುಕಿಯ ಕೈಗೆ ಕೊಟ್ಟೆ. ಮಾಸ್ತರರು ತಿರುಗಿದರು. ಅವರ ಕಣ್ಣು ನನ್ನ ಕೈಯ ಮೇಲೆ ಒಂದು ಗಳಿಗೆ ನಿಂತಿತು. ಕೂಸು ಉಸಿರು ಎಳೆದುಕೊಂಡ ಹೊತ್ತು ನೋಡಿ ಗುಂಡಿ ಒತ್ತಿದರು.

ಫಿಲ್ಮು ಹೊರಗೆ ಬಂದಾಗ ಡಾಕ್ಟರು ಕಾಯದೆ ಕೈಯಿಂದ ಕಸಿದುಕೊಂಡರು. ಬಲಗಡೆ ಎದೆಯಲ್ಲಿ ಮೇಲಿನಿಂದ ಕೆಳಗೆ ಒಂದು ಗೆರೆ ನಿಚ್ಚಳ ಕಾಣುತ್ತಿತ್ತು. ಗೆರೆಯ ಆಚೆ ಕಪ್ಪು. "ಫುಪ್ಪುಸ ಒಡದು ಎದಿಯೊಳಗ ಗಾಳಿ ತುಂಬೇದ. ಸೂಜಿ ಹಾಕಿ ತಗೀಬೇಕು. ಬಾಯಾರ, ಸೂಜಿ ಸಿರಿಂಜು ಕುದಿಸಿದ್ದು ತರ್ರಿ" ಎಂದರು. ನಾನು ತಂದೆ. ಆ ಕೂಸಿನ ಎದೆ ನನ್ನ ಅಂಗೈಗಿಂತ ಸಣ್ಣದು, ಸೂಜಿ ನನ್ನ ಬೆರಳಿಗಿಂತ ಉದ್ದ. ಗಾಳಿ ಇದ್ದರೆ ಸೂಜಿ ಬದುಕಿಸುತ್ತದೆ. ಇಲ್ಲದಿದ್ದರೆ ಆ ಸೂಜಿ ನೆಟ್ಟಗೆ ಫುಪ್ಪುಸಕ್ಕೆ ಹೋಗುತ್ತದೆ.

ಮಾಸ್ತರರು ಮೆಲ್ಲಗೆ ಫಿಲ್ಮು ಇಸಿದುಕೊಂಡು ಕಿಟಕಿಗೆ ಹಿಡಿದರು, ತಲೆಕೆಳಗು ಮಾಡಿದರು.

"ಹೆಗಲೆಲಬು ಎರಡೂ ಛಲೋ ಅದಾವ. ಪಕ್ಕೆಲಬು..."

"ಮಾಸ್ತರ, ಈಗ ಪುರಾಣ ಹಚ್ಚಬ್ಯಾಡ್ರಿ" ಎಂದು ಡಾಕ್ಟರು ಸಿರಿಂಜು ಕೈಗೆ ತೆಗೆದುಕೊಂಡರು.

"ಹನ್ನೆರಡು ಜೋಡಿ ಅದಾವ್ರಿ. ಗಂಟಲ ನಳಿಗಿ ನಡುವ ಐತ್ರಿ. ಗುಂಡಿಗಿ ಎಲ್ಲಿರಬೇಕೋ ಅಲ್ಲೇ ಐತ್ರಿ. ಅತ್ತಾಗ ಅಷ್ಟು ಗಾಳಿ ತುಂಬಿದ್ರ ಗುಂಡಿಗಿನ್ನ ಇತ್ತಾಗ ನೂಕತಿತ್ತಲ್ರಿ ಸಾಹೇಬ್ರ."

ಡಾಕ್ಟರು ನಿಂತರು. ಮಾಸ್ತರರು ಗೆರೆಯ ಮೇಲೆ ಉಗುರು ಇಟ್ಟು ಕೆಳಗೆ ಇಳಿಸಿದರು. ಗೆರೆ ಎದೆಗೂಡು ಮುಗಿದಲ್ಲಿ ನಿಲ್ಲಲಿಲ್ಲ. ಕೊನೆಯ ಪಕ್ಕೆಲುಬು ದಾಟಿ ಹೊಟ್ಟೆಯವರೆಗೂ ಹೋಗಿತ್ತು.

"ಎದಿಯೊಳಗಿನ ಗಾಳಿ ಎದಿಗೂಡ ಬಿಟ್ಟು ಹೊಟ್ಟಿಗಿ ಹೆಂಗ ಇಳೀತ್ರಿ? ಗೆರಿ ಆಚೀಕೂ ಫುಪ್ಪುಸದ ಎಳಿ ಸಣ್ಣಗ ಕಾಣತಾವ ನೋಡ್ರಿ. ಇದು ಹರದದ್ದಲ್ರಿ, ಮಡಚಿದ್ದು." ಹೆಗಲ ಮೇಲಿನ ವಲ್ಲಿ ತೆಗೆದು ಕಿಟಕಿಗೆ ಹಿಡಿದರು. ಒಂದು ಕಡೆ ಸಣ್ಣ ಮಡಿಕೆ ಹಾಕಿದರು, ಬೆಳಕಿನಲ್ಲಿ ಕಪ್ಪು ಗೆರೆ ಎದ್ದು ಕಂಡಿತು. ಜಗ್ಗಿದರು, ಗೆರೆ ಹೋಯಿತು. "ದಿನಾ ನೋಡ್ತೇವ್ರಿ ಇದನ್ನ ಬನಹಟ್ಟ್ಯಾಗ. ಮಡಿಕಿ ನೋಡಿ ಐಬು ಅಂತ ಸೀರಿ ತಿರುಗಿ ಕಳಿಸಿದವ್ರು ಬಹಳ ಮಂದಿ ಅದಾರ. ಏಳು ತಿಂಗಳ ಕೂಸಿನ ತೊಗಲು ಸಡ್ಲ ಇರತೈತಿ. ಬೆನ್ನ ಕೆಳಗ ಮಡಿಕಿ ಬಿದ್ದೈತಿ."

ಡಾಕ್ಟರು ಫಿಲ್ಮು ನೋಡಿದರು, ಕೂಸನ್ನು ನೋಡಿದರು. ಹಣೆಯಲ್ಲಿ ಬೆವರು. "ನೀವು ತಪ್ಪಿದ್ರ?"

"ಇನ್ನೊಂದು ಫೋಟೋ ತಗೀತೀನ್ರಿ. ಎಂಟು ನಿಮಿಷ ಕೊಡ್ರಿ."

"ಎಂಟು ನಿಮಿಷದಾಗ ಅದು ಹೋಗಿಬಿಟ್ರ?"

ಮಾಸ್ತರರು ಇನ್ನೊಂದು ತುಂಡು ಫಿಲ್ಮು ಹಾಕಿದ ಪೆಟ್ಟಿಗೆ ಕೈಗೆತ್ತಿಕೊಂಡರು. ಡಾಕ್ಟರಿಗೆ ಸಿಟ್ಟು ಬಂತು, ಅಥವಾ ಹೆದರಿಕೆ. "ಮಡಿಕಿ ಬೀಳೂ ಹಂಗ ಕೂಸಿನ್ನ ಮಲಗಿಸಿದವ್ರು ಯಾರು?" ಎಂದು ಕೇಳಿದರು.

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾಸ್ತರರು, "ನಾನರೀ. ಅವಸರದಾಗ ತಪ್ಪಿತು" ಎಂದರು.

"ಹಂಗಾದ್ರ ಈಗ ನೀವು ಮುಟ್ಟಬ್ಯಾಡ್ರಿ. ಬಾಯಾರು ಮಲಗಸ್ಲಿ."

"ಖರೆ ಅಂದ್ರಿ. ಅವರ ಕೈ ಛಲೋ ಐತಿ" ಎಂದರು ಮಾಸ್ತರರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಆ ಕೈ ಎಷ್ಟು ಛಲೋ ಇತ್ತೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಎರಡೂ ಅಂಗೈ ಕೂಸಿನ ಕೆಳಗೆ ಇಟ್ಟು ಪೂರಾ ಮೇಲೆ ಎತ್ತಿದೆ. ಬೆನ್ನಿನ ತೊಗಲನ್ನು ಬೆರಳಿನಿಂದ ಮೆಲ್ಲಗೆ ಎರಡೂ ಬದಿಗೆ ನೇವರಿಸಿದೆ. ಎಳೆಯದೆ, ಜಗ್ಗದೆ, ನೀರಿನ ಮೇಲೆ ಎಲೆ ಬಿಟ್ಟ ಹಾಗೆ ಇಳಿಸಿದೆ. ಮಾಸ್ತರರು ದೂರದಿಂದ ನೋಡಿ ಸರಿ ಎಂದು ಗೋಣು ಹಾಕಿದರು.

ಆಮೇಲೆ ಕತ್ತಲೆಕೋಣೆಯ ಬಾಗಿಲು ಮುಚ್ಚಿತು. ಖಟಕ್, ಖಟಕ್. ಡಾಕ್ಟರು ಒಂದು ಕೈಯಲ್ಲಿ ಸಿರಿಂಜು, ಇನ್ನೊಂದು ಕೈ ಕೂಸಿನ ಎದೆಯ ಮೇಲೆ ಇಟ್ಟು ನಿಂತಿದ್ದರು. ನಾನು ಆಕ್ಸಿಜನ್ ಕೊಳವೆ ಹಿಡಿದಿದ್ದೆ. ಬಾಗಿಲಲ್ಲಿ ಮುದುಕಿ ಉಣ್ಣೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಬೇಗ ತುಳಿಯಬಾರದೇ ಈ ಮಾರಾಯ ಎಂದು ನನ್ನ ಜೀವ ಒದ್ದಾಡಿತು. ಅವರು ಒಂದು ತುಳಿತವನ್ನೂ ಬೇಗ ಹಾಕಲಿಲ್ಲ. ಬೇಗ ಮಾಡಿದರೆ ಚಿತ್ರ ಪೂರಾ ಮೂಡುವುದಿಲ್ಲ, ಮಸುಕಾದ ಚಿತ್ರದಲ್ಲಿ ಮಡಿಕೆಯೂ ಕಾಣದು, ಗಾಳಿಯೂ ಕಾಣದು.

ಹೊರಗೆ ಬಂದರು. ನೀರು ತೊಟ್ಟಿಕ್ಕುವ ಫಿಲ್ಮನ್ನು ಈ ಸಲ ತಾವು ನೋಡದೆ ನೆಟ್ಟಗೆ ಡಾಕ್ಟರ ಕೈಗೆ ಕೊಟ್ಟರು. ಡಾಕ್ಟರು ಕಿಟಕಿಗೆ ಹಿಡಿದರು. ಬಲಗಡೆ ಗೆರೆ ಇರಲಿಲ್ಲ. ಎರಡೂ ಫುಪ್ಪುಸ ಗಂಜಿ ಹೆಚ್ಚಾದ ಬಟ್ಟೆಯ ಹಾಗೆ ಮಸುಕಾಗಿದ್ದವು, ಇನ್ನೂ ಸರಿಯಾಗಿ ಬಿಚ್ಚಿರಲಿಲ್ಲ. ಆದರೆ ಎರಡೂ ಪಕ್ಕೆಲುಬಿನ ಅಂಚಿನವರೆಗೆ ತುಂಬಿಕೊಂಡಿದ್ದವು. ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಸಿರಿಂಜನ್ನು ತಟ್ಟೆಯಲ್ಲಿ ಇಟ್ಟರು. ತಟ್ಟೆ ಕಿಣಿಕಿಣಿ ಎಂದಿತು.

"ಸೂಜಿ ಬ್ಯಾಡ. ಆಕ್ಸಿಜನ್ ನಡೀಲಿ, ಬೆಚ್ಚಗಿಡ್ರಿ, ಹನಿ ಹನಿ ಹಾಲು ಹಾಕ್ರಿ" ಎಂದರು. ಹೊರಟವರು ಬಾಗಿಲಲ್ಲಿ ತಿರುಗಿ, "ಮಾಸ್ತರ, ಇನ್ನ ಮ್ಯಾಲೆ ಫೋಟೋಕ್ಕ ಕೂಸು ಮಲಗಿಸೂದು ಬಾಯಾರ ಕೆಲಸ. ನೀವು ಕೈ ಹಚ್ಚಬ್ಯಾಡ್ರಿ. ಓದೂದು ಬೇಕಾದ್ರ ಓದ್ರಿ" ಎಂದರು.

ನಾನು ಪಡಸಾಲೆಗೆ ಮಾಸ್ತರರ ಹಿಂದೆ ಓಡಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹೋಗಿ ಡಾಕ್ಟರಿಗೆ ಹೇಳುತ್ತೇನೆ ಎಂದೆ.

"ಹೇಳ್ರಿ, ಬ್ಯಾಡ ಅನ್ನೂದಿಲ್ಲ. ಕೂಸು ಮನಿಗಿ ಹೋದ ದಿವಸ ಹೇಳ್ರಿ. ಈಗ ಹೇಳಿದ್ರ ಅವ್ರು ನಿಮ್ಮ ಕೈ ನಂಬೂದಿಲ್ಲ. ನೀವೂ ನಂಬೂದಿಲ್ಲ. ಎರಡ ತಾಸಿಗೊಮ್ಮಿ ಅದರ ಬಾಯಾಗ ಹಾಲು ಹಾಕಬೇಕಾದ ಕೈ ಅದು, ನಡುಗಿದ್ರ ಹೆಂಗ?" ಎಂದರು. ಆಮೇಲೆ ದನಿ ಇಳಿಸಿ, "ಮತ್ತ ಆ ಉಣ್ಣಿ ತಿರುಗಿ ಸ್ವಚ್ಛ ಮಾಡಿ ಪೆಟ್ಟಿಗ್ಯಾಗ ಹಾಕ್ರಿ. ಬೀರಪ್ಪ ಏನ್ ತಪ್ಪು ಮಾಡ್ಯಾನ?" ಎಂದು ನಕ್ಕರು.

ಮುದುಕಿ ಅವರ ವಲ್ಲಿ ಹಿಡಿದು ನಿಲ್ಲಿಸಿದಳು. "ಯಪ್ಪಾ, ಫೋಟೋದಾಗ ಏನ್ ಕಂಡ್ತು? ಮಂದಿ ಎಲ್ಲಾ ಯಾಕ ಹಂಗ ಹೆದರಿದ್ರು?"

"ಏನಿಲ್ಲ ಯವ್ವಾ. ನಿನ್ನ ಮೊಮ್ಮಗಗ ದೇವರು ಅಂಗಿ ದೊಡ್ಡದು ಹೊಲಿಸ್ಯಾನ, ಮನಶ್ಯಾ ಸಣ್ಣಾಂವ. ಅಲ್ಲಲ್ಲಿ ಮಡಿಕಿ ಬಿದ್ದಾವ. ಬೆಳದ್ರ ಸರಿಹೋಗತೈತಿ."

ಎರಡು ತಿಂಗಳು ಆ ಕೂಸು ನಮ್ಮಲ್ಲಿತ್ತು. ಶಾಯಿ ಹಾಕುವ ಫಿಲ್ಲರನ್ನು ಕುದಿಸಿ ಅದರಿಂದ ತಾಯಿಯ ಹಾಲನ್ನು ಹನಿಹನಿಯಾಗಿ ಹಾಕಿದೆ. ಎರಡು ಸಲ ಉಸಿರು ನಿಂತಿತು, ಅಂಗಾಲು ಚಿವುಟಿ ಅಳಿಸಿದೆವು. ಗಾಳಿಯ ಬಸ್ಸು ರಬಕವಿ ಮುಟ್ಟಿದ ದಿನ ಮಾಸ್ತರರು ಎಲ್ಲರಿಗೂ ಚಹ ಕುಡಿಸಿದರು. ಆದರೆ ಆ ಎರಡು ತಿಂಗಳೂ ಫೋಟೋ ತೆಗೆಯುವಾಗ ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಮಂದಿಯ ಮುಂದೆ, ಕಸ ಗುಡಿಸುವಾಕೆಯ ಮುಂದೆ ಕೂಡ, ಕೂಸು ಮಲಗಿಸಲು ಬಾರದ ಮನುಷ್ಯ ಎನಿಸಿಕೊಂಡರು. ಕೂಸುಗಳನ್ನು ಅವರಷ್ಟು ಹಗುರಾಗಿ ಹಿಡಿಯುವವರು ಆ ಆಸ್ಪತ್ರೆಯಲ್ಲಿ ಇರಲಿಲ್ಲ. ನನ್ನ ಕಣ್ಣು ಅವರ ಮೇಲೆ ಬಿದ್ದರೆ, "ಬಾಯಾರ, ಏನ್ ನುಂಗೇತಿ ನೋಡ್ರಿ" ಎನ್ನುತ್ತಿದ್ದರು.

ಕೂಸು ಮನೆಗೆ ಹೊರಟ ದಿನ ಬಂತು. ಕೆನ್ನೆ ತುಂಬಿತ್ತು, ಆರು ಪೌಂಡಿನ ಮೇಲಾಗಿತ್ತು. ನಾನು ಎಲ್ಲರ ಮುಂದೆ ಡಾಕ್ಟರಿಗೆ ಹೇಳಿಬಿಟ್ಟೆ: ಉಣ್ಣೆ ಎಳೆದವಳು ನಾನು, ಮಡಿಕೆ ಹಾಕಿದವಳು ನಾನು, ಮಾಸ್ತರರು ಅಂದು ಕೂಸನ್ನು ಮುಟ್ಟಿಯೇ ಇರಲಿಲ್ಲ. ಯಾಕೆ ಉಣ್ಣೆ ಎಳೆದೆ, ಎಷ್ಟು ಸಿಟ್ಟಿನಿಂದ ಎಳೆದೆ, ಅದನ್ನು ಮಾತ್ರ ಹೇಳಲಿಲ್ಲ. ಈಗ ಬರೆದಿದ್ದೇನೆ.

ಡಾಕ್ಟರ ಮುಖ ಕೆಂಪಾಯಿತು, ಆಮೇಲೆ ಅದರಲ್ಲಿ ನಗು ಬಂತು. "ಎರಡು ತಿಂಗಳು ಸುಮ್ಮನಿದ್ರೇನ್ರಿ ಮಾಸ್ತರ?" ಎಂದರು.

"ಅದರ ಬದಲಿಗಿ ನೀವ ಫೋಟೋ ಓದಾಕ ಬಿಟ್ರಲ್ರೀ ಸಾಹೇಬ್ರ" ಎಂದರು ಮಾಸ್ತರರು.

ಮುದುಕಿಗೆ ಇದು ಯಾವುದೂ ಅರ್ಥವಾಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಗಡಿಬಿಡಿ ಮಾಡುತ್ತಾ ಕೂಸನ್ನು ಮಾಸ್ತರರ ಮುಂದೆ ಹಿಡಿದು, "ತಗೋ ಯಪ್ಪಾ, ನೀನೂ ಒಮ್ಮಿ ಎತ್ತಿಕೋ" ಎಂದಳು. ಮಾಸ್ತರರ ಕೈ ಬೆನ್ನ ಹಿಂದೆಯೇ ಇತ್ತು. ಡಾಕ್ಟರ ಮುಖ ನೋಡಿದರು. ಡಾಕ್ಟರು, "ತಗೋರಿ ಮಾಸ್ತರ, ತಗೋರಿ" ಎಂದರು.

ಮಾಸ್ತರರು ಕೂಸನ್ನು ಎದೆಗೆ ಹಾಕಿಕೊಂಡರು. ಒಂದು ಕೈ ಅದರ ಅಂಗಿಯೊಳಗೆ ಹೋಗಿ ಬೆನ್ನ ಮೇಲೆ ಹುಡುಕಿತು. ಬಲಗಡೆ, ಎಡಗಡೆ, ಸೊಂಟದ ಹತ್ತಿರ. ಎರಡು ಬೆರಳಲ್ಲಿ ಚಿವುಟಲು ನೋಡಿದರು. ಕೂಸು ನಗುತ್ತಿತ್ತು. ಮುದುಕಿ ಏನು ಹುಡುಕುತ್ತೀ ಎಂದು ಕೇಳಿದಳು. ಅವರು ಮತ್ತೊಮ್ಮೆ, ಅಂಚಿನಿಂದ ಶುರು ಮಾಡಿ, ಬೆನ್ನೆಲ್ಲ ಸವರಿದರು. ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ತುಂಬ ನಗು. ಅವರ ಬೆರಳಿಗೆ ಹಿಡಿಯಲು ಒಂದು ಮಡಿಕೆಯೂ ಸಿಗಲಿಲ್ಲ.